ಕಾವೇರಿಯ ಹಳೆಯ ಲೆಕ್ಕ ತೇಗದ ತಿರುಳಿನಲ್ಲಿ

ಮಳೆಗಾಲ ಬಂತೆಂದರೆ ಮೈಸೂರು, ಮಂಡ್ಯದ ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕಟ್ಟು ತಪ್ಪದೆ ಕಾಣಿಸಿಕೊಳ್ಳುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ನಾಲೆ ಬಯಲಿನ ರೈತರು ಉಳಿದ ಸುದ್ದಿಯನ್ನೆಲ್ಲ ಬದಿಗಿಟ್ಟು ಮೊದಲು ಈ ಚೌಕಟ್ಟನ್ನೇ ನೋಡುತ್ತಾರೆ, ಏಕೆಂದರೆ ಭತ್ತದ ಒಟ್ಲು ಹಾಕಬೇಕೋ ಬೇಡವೋ, ಕಬ್ಬಿಗೆ ಇನ್ನೆಷ್ಟು ಕಟ್ಟು ನೀರು ಸಿಕ್ಕೀತು ಎಂಬುದೆಲ್ಲ ಅದರ ಮೇಲೆ ನಿಂತಿದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಅಣೆಕಟ್ಟೆ ತುಂಬಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ತುಂಬಿ ಹರಿಯಿತು. ಇವೆರಡರಲ್ಲಿ ಕಾವೇರಿಯ ಸಹಜ ವರ್ಷ ಯಾವುದು ಎಂದು ಕೇಳಿದರೆ, ಉತ್ತರ ಹೇಳುವವನ ನೆನಪು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ.

ಈ ನೆನಪು ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ, ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ. ಅದಕ್ಕಿಂತ ಹಿಂದಿನ ಅಳತೆಗಳನ್ನು ಸೇರಿಸಿಕೊಂಡರೂ ನದಿಯ ಹರಿವಿನ ನಂಬತಕ್ಕ ದಾಖಲೆ ಒಂದು ಶತಮಾನದ ಆಸುಪಾಸಿನದು. ಇಪ್ಪತ್ತು ವರ್ಷ ಉದ್ದದ ಬರವೊಂದು ಮುನ್ನೂರು ವರ್ಷಕ್ಕೊಮ್ಮೆ ಬರುವಂಥದ್ದಾಗಿದ್ದರೆ, ನೂರು ವರ್ಷದ ದಾಖಲೆಯಲ್ಲಿ ಅದು ಕಾಣಿಸದೇ ಹೋಗುವ ಸಾಧ್ಯತೆಯೇ ಹೆಚ್ಚು. ಹಾಗೆ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಅಂಥ ಬರ ಈ ನದಿಗೆ ಬರುವುದೇ ಇಲ್ಲ ಎಂದು ತೀರ್ಮಾನಿಸುವಂತಿಲ್ಲ. ಮಾಪನ ಪಟ್ಟಿ ನೆಡುವುದಕ್ಕೆ ಮೊದಲಿನ ಶತಮಾನಗಳ ಮಳೆಯ ಲೆಕ್ಕವನ್ನು ಬೇರೆ ಯಾರಾದರೂ ಇಟ್ಟಿದ್ದಾರೆಯೇ ಎಂದು ಹುಡುಕಿದಾಗ ಸಿಗುವ ಸಾಕ್ಷಿಗಳಲ್ಲಿ, ವರ್ಷ ವರ್ಷವನ್ನೂ ಬಿಡಿಬಿಡಿಯಾಗಿ ತೋರಿಸಬಲ್ಲದ್ದು ಮರ.

ಮಂಡ್ಯದ ಒಂದು ಸಾಮಿಲ್ಲಿನ ಅಂಗಳದಲ್ಲಿ ಆಗಷ್ಟೇ ಅಡ್ಡಕೊಯ್ದ ತೇಗದ ದಿಮ್ಮಿಯ ಮುಂದೆ ನಾನು ಕುಳಿತುಕೊಂಡದ್ದುಂಟು. ಗರಗಸದ ಗೀರುಗಳ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದೊಡನೆ ಉಂಗುರಗಳು ಎದ್ದು ಬಂದವು: ಹೊರಗೆ ಎರಡು ಬೆರಳಗಲದ ಬಿಳಿಯ ಪಟ್ಟಿ, ಒಳಗೆ ಜೇನುಬಣ್ಣದ ಚೇಗು, ಅದರೊಳಗೆ ಸುತ್ತು ಸುತ್ತಾಗಿ ಗೆರೆಗಳು. ಸೂಕ್ಷ್ಮವಾಗಿ ನೋಡಿದರೆ ಪ್ರತಿ ಗೆರೆಯೂ ಸೂಜಿಮೊನೆಯಿಂದ ಚುಚ್ಚಿದಂಥ ರಂಧ್ರಗಳ ಒಂದು ಸಾಲು. ಆ ಸಾಲಿನಿಂದ ಹೊರಗೆ ಹೋದಂತೆ ರಂಧ್ರಗಳು ಕಿರಿದಾಗಿ ಮರ ಗಟ್ಟಿಯಾಗುತ್ತದೆ. ಮತ್ತೆ ಇದ್ದಕ್ಕಿದ್ದಂತೆ ದೊಡ್ಡ ರಂಧ್ರಗಳ ಇನ್ನೊಂದು ಸಾಲು. ತಿರುಳಿನಿಂದ ತೊಗಟೆಯವರೆಗೆ ಒಂದು ದಿಕ್ಕಿನಲ್ಲಿ ಎಣಿಸಿದಾಗ 58 ಉಂಗುರಗಳು ಸಿಕ್ಕವು. ಅದೇ ದಿಮ್ಮಿಯನ್ನು ಎದುರು ದಿಕ್ಕಿನಲ್ಲಿ ಎಣಿಸಿದಾಗ 61. ಈ ಮೂರು ವರ್ಷಗಳ ವ್ಯತ್ಯಾಸ ಏಕೆ ಬಂತು, ಅದನ್ನು ಹೇಗೆ ಸರಿಪಡಿಸುತ್ತಾರೆ ಎಂಬುದು ಅರ್ಥವಾದರೆ ಈ ವಿಜ್ಞಾನದ ಅರ್ಧ ಭಾಗ ಅರ್ಥವಾದಂತೆ.

ಮೊದಲು, ಉಂಗುರ ಮೂಡುವುದೇ ಏಕೆ ಎಂಬುದನ್ನು ನೋಡೋಣ. ಚಳಿ ದೇಶಗಳಲ್ಲಿ ಹಿಮಗಾಲ ಬಂದಾಗ ಮರದ ಬೆಳವಣಿಗೆ ನಿಂತು, ವಸಂತದಲ್ಲಿ ಮತ್ತೆ ಆರಂಭವಾಗುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲದಿರುವುದರಿಂದ ಬಹುಪಾಲು ಮರಗಳಲ್ಲಿ ಉಂಗುರ ಸ್ಪಷ್ಟವಾಗಿರುವುದಿಲ್ಲ. ಮಾವು, ಹಲಸಿನ ಕೊರಡು ನೋಡಿದವರಿಗೆ ಇದು ಗೊತ್ತು. ಆದರೆ ತೇಗಕ್ಕೆ ಬೇಸಗೆಯೇ ಹಿಮಗಾಲವಿದ್ದಂತೆ. ಕಾಕನಕೋಟೆ, ನಾಗರಹೊಳೆಯ ಕಡೆ ಜನವರಿ ಕಳೆಯುತ್ತಿದ್ದಂತೆ ತೇಗದ ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ, ಬೆಳವಣಿಗೆ ನಿಲ್ಲುತ್ತದೆ. ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ ಚಿಗುರುವಾಗ ಅಷ್ಟೂ ಅಗಲವಾದ ಎಲೆಗಳಿಗೆ ಒಮ್ಮೆಲೇ ನೀರು ಏರಿಸಬೇಕಾಗುವುದರಿಂದ ಮರ ಅಗಲವಾದ ಕೊಳವೆಗಳನ್ನು ಕಟ್ಟಿಕೊಳ್ಳುತ್ತದೆ. ನಾನು ನೋಡಿದ ರಂಧ್ರಗಳ ಸಾಲು ಈ ಕೊಳವೆಗಳ ಅಡ್ಡಕೊಯ್ತವೇ. ಮಳೆಗಾಲ ಮುಂದುವರಿದಂತೆ ಕೊಳವೆಗಳು ಕಿರಿದಾಗಿ, ಹಿಂಗಾರು ಮುಗಿದು ನೆಲ ಒಣಗಿದಾಗ ಆ ವರ್ಷದ ಲೆಕ್ಕ ಮುಚ್ಚುತ್ತದೆ. ನೆಲದಲ್ಲಿ ತೇವ ಹೆಚ್ಚು ಕಾಲ ಉಳಿದ ವರ್ಷ ಉಂಗುರ ಅಗಲ, ಬೇಗ ಆರಿದ ವರ್ಷ ಕಿರಿದು.

ಆದರೆ ಮರ ಯಂತ್ರವಲ್ಲ. ಮೇ ತಿಂಗಳಲ್ಲಿ ಒಳ್ಳೆಯ ಮಳೆಯಾಗಿ, ಜೂನ್‌ನಲ್ಲಿ ಮೋಡ ಕಣ್ಮರೆಯಾಗಿ, ಜುಲೈನಲ್ಲಿ ಮತ್ತೆ ಮಳೆ ಹಿಡಿದರೆ, ನಡುವಿನ ಒಣಗಾಲವನ್ನೇ ಬೇಸಗೆ ಎಂದುಕೊಂಡು ಮರ ಒಂದೇ ವರ್ಷದಲ್ಲಿ ಎರಡು ಉಂಗುರಗಳಂತೆ ಕಾಣುವ ಗುರುತನ್ನು ಬಿಡಬಹುದು. ಇದು ಸುಳ್ಳು ಉಂಗುರ. ತೀವ್ರ ಬರದ ವರ್ಷದಲ್ಲಿ ಕಾಂಡದ ಒಂದು ಪಕ್ಕದಲ್ಲಿ ಮಾತ್ರ ಬೆಳೆದು ಇನ್ನೊಂದು ಪಕ್ಕದಲ್ಲಿ ಏನೂ ಬೆಳೆಯದೆ ಇರಬಹುದು. ಇದು ಕಳೆದುಹೋದ ಉಂಗುರ. ಆದ್ದರಿಂದ ಉಂಗುರ ಎಣಿಸಿ ಮರದ ವಯಸ್ಸು ಹೇಳುವುದಕ್ಕೂ ಪ್ರತಿ ಉಂಗುರಕ್ಕೆ ಇಸವಿ ಹೇಳುವುದಕ್ಕೂ ಬಹಳ ಅಂತರವಿದೆ. ಅರವತ್ತು ವರ್ಷದ ಮರ ಎನ್ನುವಾಗ ಮೂರು ವರ್ಷದ ತಪ್ಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರ 1876ರಲ್ಲಿ ಬಂತೋ 1879ರಲ್ಲಿ ಬಂತೋ ಎನ್ನುವಾಗ ಅದೇ ತಪ್ಪು ಇಡೀ ಕೆಲಸವನ್ನು ಕೆಡಿಸುತ್ತದೆ.

ಇದಕ್ಕೆ ಪರಿಹಾರವನ್ನು ರೂಢಿಗೆ ತಂದವರು ಅಮೆರಿಕದ ಅರಿಜೋನಾದಲ್ಲಿದ್ದ ಖಗೋಳವಿಜ್ಞಾನಿ ಆಂಡ್ರ್ಯೂ ಎಲಿಕಾಟ್ ಡಗ್ಲಾಸ್. ಸೂರ್ಯನ ಕಲೆಗಳ ಏರಿಳಿತಕ್ಕೂ ಭೂಮಿಯ ಹವಾಮಾನಕ್ಕೂ ನಂಟಿದೆಯೇ ಎಂದು ತಿಳಿಯಲು ಅವರು ಮರಗಳ ಕಡೆ ತಿರುಗಿದರು. ಒಂದೇ ಸೀಮೆಯ ಮರಗಳು ಒಂದೇ ಮಳೆಯನ್ನು ಉಂಡಿರುವುದರಿಂದ, ಅವುಗಳ ಅಗಲ ಮತ್ತು ಕಿರಿದು ಉಂಗುರಗಳ ಸರಣಿ ಒಂದಕ್ಕೊಂದು ತಾಳೆಯಾಗಬೇಕು ಎಂಬುದು ಅವರು ಕಂಡುಕೊಂಡ ಸೂತ್ರ. ಕಲ್ಪಿಸಿಕೊಳ್ಳೋಣ: 2004ರ ಕೊನೆಯಲ್ಲಿ ಕಡಿದ ಒಂದು ಮರದಲ್ಲಿ, ತೊಗಟೆಯ ಕಡೆಯಿಂದ 3, 18, 33 ಮತ್ತು 40ನೆಯ ಉಂಗುರಗಳು ತೀರ ಕಿರಿದಾಗಿವೆ. ಹೊರಗಿನ ಉಂಗುರ 2004ರದ್ದಾದರೆ ಇವು 2002, 1987, 1972 ಮತ್ತು 1965. ದೇಶದ ಮುಂಗಾರು ಸೊರಗಿದ ವರ್ಷಗಳಲ್ಲಿ ಈ ನಾಲ್ಕೂ ಸೇರಿವೆ. ಈಗ ಪಕ್ಕದ ಐದು ಮರಗಳಲ್ಲಿಯೂ ಕಿರಿದು ಉಂಗುರಗಳ ನಡುವಿನ ಅಂತರ 15, 15, 7 ಎಂದೇ ಬಂದು, ಆರನೆಯದರಲ್ಲಿ ಮಾತ್ರ 15, 14, 7 ಎಂದು ಬಂದರೆ, ಆ ಮರ 1972 ಮತ್ತು 1987ರ ನಡುವೆ ಎಲ್ಲೋ ಒಂದು ಉಂಗುರ ಕಳೆದುಕೊಂಡಿದೆ ಎಂದು ತಿಳಿಯುತ್ತದೆ. ನಿಜವಾದ ಕೆಲಸದಲ್ಲಿ ನಾಲ್ಕು ವರ್ಷಗಳನ್ನಲ್ಲ, ಇಡೀ ಸರಣಿಯನ್ನು ವರ್ಷಕ್ಕೆ ವರ್ಷ ಹೋಲಿಸಿ, ಗಣಕದಲ್ಲಿ ಲೆಕ್ಕ ಹಾಕಿ, ಸಂಶಯ ಬಂದ ಕಡೆಯಲ್ಲಿ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ನನ್ನ ದಿಮ್ಮಿಯ 58 ಸರಿಯೋ 61 ಸರಿಯೋ ಎಂಬುದನ್ನು ಆ ದಿಮ್ಮಿಯೊಂದೇ ಹೇಳಲಾರದು. ಅದರ ಜೊತೆಗೆ ಬೆಳೆದ ಮರಗಳು ಹೇಳಬಲ್ಲವು.

ಈ ತಾಳೆ ನೋಡುವ ಕ್ರಮದಿಂದ ಇನ್ನೊಂದು ದೊಡ್ಡ ಅನುಕೂಲ ದೊರೆಯಿತು. ಬದುಕಿರುವ ಮರದ ಒಳಗಿನ ಉಂಗುರಗಳು ಹಳೆಯ ತೊಲೆಯೊಂದರ ಹೊರಗಿನ ಉಂಗುರಗಳೊಂದಿಗೆ ಹೊಂದಿಕೊಂಡರೆ, ಆ ತೊಲೆಯ ವಯಸ್ಸೂ ದಾಖಲೆಗೆ ಸೇರಿ ಸರಣಿ ಹಿಂದಕ್ಕೆ ಬೆಳೆಯುತ್ತದೆ. ಡಗ್ಲಾಸ್ ಅವರ ತಂಡ 1929ರಲ್ಲಿ ಅರಿಜೋನಾದಲ್ಲಿ ಸಿಕ್ಕ ಸುಟ್ಟ ತೊಲೆಯೊಂದರಿಂದ ಎರಡು ಬಿಡಿ ಸರಣಿಗಳನ್ನು ಬೆಸೆದು, ಅಲ್ಲಿಯ ಪ್ರಾಚೀನ ವಸತಿಗಳಿಗೆ ಇಸವಿ ಹೇಳಿತು. ಹಳೆಯ ತೊಟ್ಟಿಮನೆಗಳ ತೊಲೆ, ಜಂತೆಗಳನ್ನು ನೋಡಿ ಬೆಳೆದ ನಮಗೆ ಇದು ದೂರದ ಮಾತೆನಿಸಬಾರದು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಬಹುಮಟ್ಟಿಗೆ ತೇಗದ ಕಟ್ಟಡ. ಅದು ರಕ್ಷಿತ ಸ್ಮಾರಕ, ಅದಕ್ಕೆ ಬೈರಿಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕೆಡವುವ ಹಳೆಯ ಮನೆಗಳ ತೊಲೆಗಳನ್ನು ಕಿಟಕಿ ಚೌಕಟ್ಟಿಗೆಂದು ಸೀಳುವ ಮೊದಲು ಅಂಗೈ ದಪ್ಪದ ಒಂದು ಬಿಲ್ಲೆ ಕೊಯ್ದಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ.

ಬದುಕಿರುವ ಮರದಿಂದ ಮಾದರಿ ತೆಗೆಯಲು ಅದನ್ನು ಕಡಿಯಬೇಕಾಗಿಲ್ಲ. ಒಳಗೆ ಟೊಳ್ಳಾದ ಬೈರಿಗೆಯನ್ನು ಎದೆಯ ಎತ್ತರದಲ್ಲಿ ತಿರುಳಿನ ಕಡೆಗೆ ತಿರುಗಿಸುತ್ತ ಹೋದರೆ, ಪೆನ್ಸಿಲಿಗಿಂತ ತುಸು ತೆಳ್ಳಗಿನ, ಸುಮಾರು 5 ಮಿಲಿಮೀಟರ್ ದಪ್ಪದ ಕಡ್ಡಿಯೊಂದು ಹೊರಗೆ ಬರುತ್ತದೆ. ಅದನ್ನು ಹಲಗೆಗೆ ಅಂಟಿಸಿ ಉಪ್ಪುಕಾಗದದಿಂದ ಹಂತಹಂತವಾಗಿ ನಯಗೊಳಿಸಿ, ಪ್ರತಿ ಉಂಗುರದ ಅಗಲವನ್ನು ಮಿಲಿಮೀಟರಿನ ನೂರನೆಯ ಭಾಗದವರೆಗೆ ಅಳೆಯುತ್ತಾರೆ. ಒಂದು ಮರದಿಂದ ಎರಡು ಕಡ್ಡಿ, ಒಂದು ತಾಣದಿಂದ ಇಪ್ಪತ್ತೋ ಅದಕ್ಕಿಂತ ಹೆಚ್ಚೋ ಮರಗಳು.

ಅಳೆದ ಅಗಲವನ್ನು ಹಾಗೆಯೇ ಮಳೆಯ ಲೆಕ್ಕವೆಂದು ಓದಲಾಗದು. ಎಳೆಯ ಮರದ ಉಂಗುರ ಅಗಲವಾಗಿರುತ್ತದೆ. ಕಾಂಡ ದಪ್ಪವಾದಂತೆ ಅಷ್ಟೇ ಮರವನ್ನು ದೊಡ್ಡ ಸುತ್ತಿಗೆ ಹಂಚಬೇಕಾಗುವುದರಿಂದ ಕಿರಿದಾಗುತ್ತದೆ. ಪಕ್ಕದ ಮರ ಬಿದ್ದು ಬಿಸಿಲು ಸಿಕ್ಕರೆ ಕೆಲವು ವರ್ಷ ಉಂಗುರ ಹಿಗ್ಗಬಹುದು. ಹುಳ ಎಲೆ ತಿಂದರೆ ಕುಗ್ಗಬಹುದು. ಆದ್ದರಿಂದ ಪ್ರತಿ ಮರದ ವಯಸ್ಸಿಗೆ ತಕ್ಕ ನಿರೀಕ್ಷಿತ ಅಗಲವನ್ನು ಒಂದು ವಕ್ರರೇಖೆಯಾಗಿ ಎಳೆದು, ನಿಜವಾದ ಅಗಲವನ್ನು ಅದರಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ 1ಕ್ಕಿಂತ ಹೆಚ್ಚಿದ್ದರೆ ಆ ಮರಕ್ಕೆ ಅದು ಒಳ್ಳೆಯ ವರ್ಷ, ಕಡಿಮೆಯಿದ್ದರೆ ಕೆಟ್ಟ ವರ್ಷ. ಎಲ್ಲ ಮರಗಳ ಸರಾಸರಿ ತೆಗೆದಾಗ ಒಂದೊಂದು ಮರದ ಸ್ವಂತ ಸುಖದುಃಖಗಳು ಒಂದನ್ನೊಂದು ಅಳಿಸಿಹಾಕಿ, ಎಲ್ಲಕ್ಕೂ ಸಮಾನವಾಗಿ ತಟ್ಟಿದ ಹವಾಮಾನದ ಗುರುತು ಉಳಿಯುತ್ತದೆ. ಇದರಲ್ಲಿ ಒಂದು ನಷ್ಟವೂ ಇದೆ, ಅದನ್ನು ಮುಚ್ಚಿಡಬಾರದು: ಮರದ ಆಯುಷ್ಯಕ್ಕಿಂತ ನಿಧಾನವಾಗಿ, ಶತಮಾನಗಳ ಉದ್ದಕ್ಕೂ ನಡೆದ ಬದಲಾವಣೆಯಿದ್ದರೆ ಈ ಭಾಗಾಕಾರದಲ್ಲಿ ಅದೂ ಸ್ವಲ್ಪಮಟ್ಟಿಗೆ ತೊಳೆದುಹೋಗುತ್ತದೆ.

ಉಂಗುರದಿಂದ ನದಿಗೆ ಹೋಗುವುದು ಮುಂದಿನ ಹೆಜ್ಜೆ. ಹರಿವಿನ ಅಳತೆ ಲಭ್ಯವಿರುವ ವರ್ಷಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಉಂಗುರಕ್ಕೂ ಹರಿವಿಗೂ ಇರುವ ಸಂಬಂಧವನ್ನು ಸಮೀಕರಣವಾಗಿ ಕಟ್ಟುತ್ತಾರೆ. ಆ ಸಮೀಕರಣಕ್ಕೆ ಇನ್ನೊಂದು ಪಾಲಿನ ಉಂಗುರಗಳನ್ನು ಮಾತ್ರ ಕೊಟ್ಟು, ಅದು ಹೇಳಿದ ಹರಿವು ನಿಜವಾಗಿ ಅಳೆದ ಹರಿವಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಅಳತೆಯೇ ಇಲ್ಲದ ಶತಮಾನಗಳಿಗೆ ಅದನ್ನು ಅನ್ವಯಿಸಬಹುದು. ಕಾವೇರಿಯ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಕನ್ನಂಬಾಡಿಗೆ ಇಂದು ಬರುವ ಒಳಹರಿವು ನದಿಯ ಸಹಜ ಹರಿವಲ್ಲ. ಮೇಲೆ ಹಾರಂಗಿ, ಹೇಮಾವತಿ ಜಲಾಶಯಗಳು ನೀರು ಹಿಡಿದಿಡುತ್ತವೆ, ನಾಲೆಗಳು ಎಳೆದುಕೊಳ್ಳುತ್ತವೆ. ಮರಕ್ಕೆ ಮಳೆ ಗೊತ್ತು, ಗೇಟು ಗೊತ್ತಿಲ್ಲ. ಹೀಗಾಗಿ ಮೊದಲು ಆ ಬಳಕೆಯನ್ನೆಲ್ಲ ಕೂಡಿಸಿ ಸಹಜ ಹರಿವಿನ ಲೆಕ್ಕ ತಯಾರಿಸಬೇಕಾಗುತ್ತದೆ.

ಇಷ್ಟೆಲ್ಲ ಶ್ರಮ ಏಕೆ ಎಂಬುದಕ್ಕೆ ಅಮೆರಿಕದ ಕೊಲರಾಡೋ ನದಿಯ ಕಥೆಯನ್ನು ಕಾವೇರಿ ಸೀಮೆಯವರು ಗಮನವಿಟ್ಟು ಓದಬೇಕು. 1922ರಲ್ಲಿ ಆ ನದಿಯ ರಾಜ್ಯಗಳು ನೀರು ಹಂಚಿಕೊಳ್ಳಲು ಒಪ್ಪಂದ ಮಾಡಿಕೊಂಡಾಗ ಅವರ ಮುಂದೆ ಕೆಲವೇ ದಶಕಗಳ ಅಳತೆಯಿತ್ತು. ನಮ್ಮ ಟಿಎಂಸಿ ಲೆಕ್ಕಕ್ಕೆ ತಂದು ಹೇಳುವುದಾದರೆ, ವರ್ಷಕ್ಕೆ ಸರಾಸರಿ 714 ಟಿಎಂಸಿಗೆ ಕಡಿಮೆಯಿಲ್ಲದಷ್ಟು ನೀರಿದೆ ಎಂದುಕೊಂಡು, ಮೇಲಿನ ಮತ್ತು ಕೆಳಗಿನ ಕಣಿವೆಗಳಿಗೆ ತಲಾ ಸುಮಾರು 327 ಟಿಎಂಸಿ ಹಂಚಿದರು. 1944ರಲ್ಲಿ ಮೆಕ್ಸಿಕೋ ದೇಶಕ್ಕೆ ಇನ್ನೂ 65 ಟಿಎಂಸಿ ಕೊಡುವ ಒಪ್ಪಂದವಾಯಿತು. 1976ರಲ್ಲಿ ಚಾರ್ಲ್ಸ್ ಸ್ಟಾಕ್ಟನ್ ಮತ್ತು ಗಾರ್ಡನ್ ಜೇಕಬಿ ಮರದ ಉಂಗುರಗಳಿಂದ ಶತಮಾನಗಳ ಹರಿವನ್ನು ಲೆಕ್ಕ ಹಾಕಿದಾಗ ಬಂದ ದೀರ್ಘಕಾಲದ ಸರಾಸರಿ ಸುಮಾರು 588 ಟಿಎಂಸಿ. ಒಪ್ಪಂದಕ್ಕೆ ಆಧಾರವಾಗಿದ್ದ ವರ್ಷಗಳು ಆ ಶತಮಾನಗಳಲ್ಲೇ ಅಸಾಧಾರಣವಾಗಿ ಮಳೆ ಬಂದ ಕಾಲವಾಗಿದ್ದವು. ಮುಂದೆ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ದಾಖಲೆಯನ್ನು ಕ್ರಿ.ಶ. 762ರವರೆಗೆ ಒಯ್ದು, 12ನೇ ಶತಮಾನದ ಮಧ್ಯಭಾಗದಲ್ಲಿ ಮಾಪನ ಪಟ್ಟಿ ಎಂದೂ ಕಾಣದಷ್ಟು ದೀರ್ಘವಾದ ಬರವನ್ನು ತೋರಿಸಿತು. ಒಪ್ಪಂದ ಬರೆದವರು ಮೋಸಗಾರರೇನಲ್ಲ. ಕೈಯಲ್ಲಿದ್ದ ಸಣ್ಣ ದಾಖಲೆಯನ್ನೇ ನದಿಯ ಸ್ವಭಾವವೆಂದು ನಂಬಿದ್ದರು.

ನಮ್ಮಲ್ಲಿ ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು 740 ಟಿಎಂಸಿಯನ್ನು ಶೇಕಡ 50ರ ಭರವಸೆಯ ನೀರು ಎಂದು ಹಿಡಿದಿದೆ. ಎಂದರೆ ಎರಡು ವರ್ಷಗಳಲ್ಲಿ ಒಂದು ವರ್ಷವಾದರೂ ಅಷ್ಟು ನೀರು ಬರುತ್ತದೆ ಎಂಬ ನಿರೀಕ್ಷೆ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿದಾಗಲೂ ಮೂಲ ಮೊತ್ತ ಬದಲಾಗಲಿಲ್ಲ. ಮಳೆ ಕೊರತೆಯಾದ ಸಂಕಷ್ಟದ ವರ್ಷದಲ್ಲಿ ಎಲ್ಲರ ಪಾಲೂ ಅನುಪಾತದಲ್ಲಿ ಇಳಿಯಬೇಕೆಂದು ತೀರ್ಪಿನಲ್ಲಿದೆ. ಸಂಕಷ್ಟದ ವರ್ಷಗಳು ಬಿಡಿಯಾಗಿ ಬರುತ್ತವೆಯೋ, ಮೂರು ನಾಲ್ಕು ಒಟ್ಟಿಗೆ ಸಾಲುಗಟ್ಟಿ ಬರುತ್ತವೆಯೋ, ಹಿಂದಿನ ಶತಮಾನಗಳಲ್ಲಿ ಅಂಥ ಸಾಲುಗಳು ಎಷ್ಟು ಉದ್ದವಿದ್ದವು ಎಂಬುದನ್ನು ಯಾವ ನ್ಯಾಯಾಲಯವೂ ತನ್ನಷ್ಟಕ್ಕೆ ಹೇಳಲಾರದು. 49.45 ಟಿಎಂಸಿ ಹಿಡಿಯುವ ಕೆಆರ್‌ಎಸ್‌ಗೆ ಒಂದು ಬರವರ್ಷವನ್ನು ದಾಟುವುದೇ ಪ್ರಯಾಸವಾಗಿರುವಾಗ, ಈ ಪ್ರಶ್ನೆ ಮಂಡ್ಯದ ರೈತನಿಗೆ ಸರಾಸರಿಗಿಂತಲೂ ಮುಖ್ಯ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಯಾವ ಕಾಡಿನ ಮರವನ್ನು ಕೇಳಬೇಕು? ಕೆಆರ್‌ಎಸ್ ತುಂಬಿಸುವ ನೀರು ಮಂಡ್ಯದಲ್ಲಿ ಬಿದ್ದದ್ದಲ್ಲ, ಬಹುಪಾಲು ಕೊಡಗಿನ ಮತ್ತು ಪಶ್ಚಿಮ ಘಟ್ಟದ ಮುಂಗಾರು ಮಳೆ. ಆದ್ದರಿಂದ ಭಾಗಮಂಡಲದ ಸುತ್ತಣ ನಿತ್ಯಹಸಿರು ಕಾಡಿಗೇ ಹೋಗಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಅಲ್ಲಿ ನೀರಿಗೆ ಕೊರತೆಯೇ ಇಲ್ಲದಿರುವುದರಿಂದ ಮಳೆ ಸ್ವಲ್ಪ ಕಡಿಮೆಯಾದರೂ ಮರಕ್ಕೆ ಅದು ತಟ್ಟುವುದಿಲ್ಲ, ಎಲೆ ಒಟ್ಟಿಗೆ ಉದುರದ ಮರಗಳಲ್ಲಿ ಉಂಗುರವೂ ಸ್ಪಷ್ಟವಾಗಿ ಮೂಡುವುದಿಲ್ಲ. ಮಳೆ ಅತಿ ಹೆಚ್ಚು ಬೀಳುವ ಜಾಗದ ಮರವೇ ಮಳೆಯ ಲೆಕ್ಕವನ್ನು ಅತಿ ಕಡಿಮೆ ಇಡುತ್ತದೆ. ಹೊಟ್ಟೆ ತುಂಬಿದವನಿಗೆ ಒಂದು ತುತ್ತಿನ ಲೆಕ್ಕ ಇರುವುದಿಲ್ಲವಲ್ಲ, ಹಾಗೆ. ಘಟ್ಟದ ನೆರಳಿನಲ್ಲಿ ಮಳೆ ಇಳಿಮುಖವಾಗುವ ತಿತಿಮತಿ, ನಾಗರಹೊಳೆ, ಕಾಕನಕೋಟೆಯ ಎಲೆಯುದುರುವ ಕಾಡಿನ ತೇಗವೇ ಒಳ್ಳೆಯ ಸಾಕ್ಷಿಯಾಗಬಲ್ಲದ್ದು. ಅದರಲ್ಲೂ ನೆಟ್ಟ ತೋಪುಗಳನ್ನು ಬಿಟ್ಟು, ಕಲ್ಲುನೆಲದ ಇಳಿಜಾರಿನಲ್ಲಿ ತಾನಾಗಿ ಬೆಳೆದ, ಹೊಳೆದಂಡೆಯಿಂದ ದೂರವಿರುವ ಹಳೆಯ ಮರಗಳನ್ನು ಆರಿಸಬೇಕು. ಹೊಳೆಯ ಪಕ್ಕದ ಮರ ಬೇರಿನಿಂದ ಬೇಕಾದಷ್ಟು ನೀರು ಕುಡಿದು ಬರವನ್ನು ಮರೆತಿರುತ್ತದೆ.

ಇನ್ನೊಂದು ತೊಡಕು ಹಿಂಗಾರಿನದು. ನಮ್ಮ ಸೀಮೆಯ ತೇಗ ಪುಷ್ಯ, ಆಶ್ಲೇಷ ಮಳೆಗಳನ್ನೂ ಉಣ್ಣುತ್ತದೆ, ಚಿತ್ತೆ, ಸ್ವಾತಿ ಮಳೆಗಳನ್ನೂ ಉಣ್ಣುತ್ತದೆ. ಮುಂಗಾರು ಕೈಕೊಟ್ಟು ಹಿಂಗಾರು ಸುರಿದ ವರ್ಷ ಉಂಗುರ ಸಾಧಾರಣ ಅಗಲವಿದ್ದು, ಜಲಾಶಯ ಮಾತ್ರ ಅರ್ಧ ಖಾಲಿ ಇದ್ದೀತು. ಇದನ್ನು ಬಿಡಿಸಲು ವಿಜ್ಞಾನಿಗಳು ಉಂಗುರದ ಅಗಲವನ್ನು ಬಿಟ್ಟು ಅದರ ಒಡಲಿನ ರಸಾಯನಕ್ಕೆ ಕೈಹಾಕುತ್ತಾರೆ. ನೀರಿನಲ್ಲಿರುವ ಆಮ್ಲಜನಕದಲ್ಲಿ ತೂಕ 16ರದ್ದು ಬಹುಪಾಲು, ತೂಕ 18ರದ್ದು ಅತ್ಯಲ್ಪ. ಧಾರಾಕಾರ ಸುರಿಯುವ ಮಳೆಯಲ್ಲಿ ಭಾರದ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆ, ಗಾಳಿ ಒಣಗಿದಾಗ ಎಲೆಯಲ್ಲಿ ಅದು ಹೆಚ್ಚುತ್ತದೆ, ಮತ್ತು ಈ ಅನುಪಾತದ ಗುರುತು ಮರದ ಸೆಲ್ಯುಲೋಸಿನಲ್ಲಿ ಉಳಿದುಕೊಳ್ಳುತ್ತದೆ. ಒಂದೇ ಉಂಗುರವನ್ನು ಒಳಗಿನಿಂದ ಹೊರಗೆ ತೆಳು ಚಕ್ಕೆಗಳಾಗಿ ಹೆರೆದು ಪ್ರತಿ ಚಕ್ಕೆಯನ್ನೂ ಅಳೆದರೆ, ಆ ವರ್ಷದ ಮುಂಗಾರು, ಹಿಂಗಾರುಗಳನ್ನು ಬೇರೆ ಬೇರೆಯಾಗಿ ಓದುವ ದಾರಿ ತೆರೆಯುತ್ತದೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ದಕ್ಷಿಣ ಭಾರತದ ತೇಗದ ಮೇಲೆ ಇಂಥ ಕೆಲಸ ಮಾಡಿದ್ದಾರೆ. ಇದು ದುಬಾರಿ, ನಿಧಾನ. ಆದರೆ ಎರಡು ಮಳೆಗಾಲಗಳ ನಾಡಿಗೆ ಇದಕ್ಕಿಂತ ತಕ್ಕ ವಿಧಾನ ನನಗೆ ಕಾಣುವುದಿಲ್ಲ.

ನಮಗೆ ಹತ್ತಿರದ ದೀರ್ಘ ದಾಖಲೆ ಕೇರಳದ್ದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನಶಾಸ್ತ್ರ ಸಂಸ್ಥೆಯ ಎಚ್.ಪಿ. ಬೋರ್‌ಗಾಂವಕರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ತೇಗದ ಉಂಗುರ ಸರಣಿ 1481ರಿಂದ 2003ರವರೆಗಿನ 523 ವರ್ಷಗಳನ್ನು ಒಳಗೊಂಡಿದೆ. ಅದರಲ್ಲಿ ಕಿರಿದು ಉಂಗುರಗಳು ಮುಂಗಾರು ಕೊರತೆಯ ವರ್ಷಗಳೊಂದಿಗೆ, ಅದರಲ್ಲೂ ಶಾಂತಸಾಗರ ಬಿಸಿಯೇರುವ ಎಲ್ ನಿನೋ ವರ್ಷಗಳೊಂದಿಗೆ ತಳುಕು ಹಾಕಿಕೊಂಡಿರುವುದು ಕಂಡುಬಂತು. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲೇ ಆದ್ದರಿಂದ ಈ ಸಾಕ್ಷಿ ನಮಗೆ ಪರಕೀಯವಲ್ಲ. ಅದೇ 2010ರಲ್ಲಿ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಷ್ಯಾದ 327 ಉಂಗುರ ಸರಣಿಗಳಿಂದ ಏಳು ಶತಮಾನಗಳ ಮುಂಗಾರು ಬರಗಳ ನಕ್ಷೆಗಳನ್ನು ಸಿದ್ಧಪಡಿಸಿದರು. 1756ರಿಂದ 1768ರವರೆಗೆ ಎಳೆದ ಬರ, 1790ರಿಂದ 1796ರ ಬರ, 1876ರಿಂದ 1878ರ ಮಹಾಬರ ಆ ನಕ್ಷೆಗಳಲ್ಲಿ ಮೂಡಿವೆ.

ಕೊನೆಯದು ಮೈಸೂರು ಸೀಮೆಗೆ ಹೆಸರು ಹಿಡಿದು ಗೊತ್ತು. ಅದು ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ, ಸುಮಾರು ಹತ್ತು ಲಕ್ಷ ಮಂದಿ, ಆಗ ಸತ್ತರು. ಸರ್ಕಾರಿ ವರದಿಗಳಲ್ಲಿ ಅದರ ವಿವರ ಇರುವುದರಿಂದಲೇ ಉಂಗುರಗಳ ಮಾತನ್ನು ಅದರ ಎದುರಿಗಿಟ್ಟು ಪರೀಕ್ಷಿಸಲು ಬರುತ್ತದೆ. ಗೊತ್ತಿರುವ ಬರವನ್ನು ಮರ ಸರಿಯಾಗಿ ಹೇಳಿದರೆ, ಯಾವ ವರದಿಯೂ ಇಲ್ಲದ ಕಾಲದ ಬರವನ್ನು ಹೇಳಿದಾಗ ನಂಬಲು ಧೈರ್ಯ ಬರುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಆ ನಕ್ಷೆಗಳಿಗೆ ಒದಗಿದ ಸರಣಿಗಳಲ್ಲಿ ದಕ್ಷಿಣ ಭಾರತದವು ಬಹಳ ಕಡಿಮೆ. ಹಿಮಾಲಯದ ದೇವದಾರುವೋ ಥಾಯ್ಲೆಂಡಿನ ತೇಗವೋ ಹೇಳಿದ್ದನ್ನು ಕೊಡಗಿಗೆ ಹಾಗೆಯೇ ಅನ್ವಯಿಸಿ ಕಾವೇರಿಯ ಹರಿವು ಇಷ್ಟಿತ್ತು ಎನ್ನಲಾಗದು.

ಮರದ ಮಾತಿಗೆ ಅದರದೇ ಮಿತಿಗಳೂ ಇವೆ. ನೆಲ ತಣಿದ ಮೇಲೆ ಬಿದ್ದ ಮಳೆ ಮರಕ್ಕೆ ಬೇಕಿಲ್ಲ, ಆದ್ದರಿಂದ ಬರವನ್ನು ತೋರಿಸುವಷ್ಟು ಚೆನ್ನಾಗಿ ನೆರೆಯನ್ನು ಅದು ತೋರಿಸುವುದಿಲ್ಲ; 1924ರ ಜುಲೈನ ಪ್ರವಾಹದಂಥದ್ದು ಮರದ ಪಾಲಿಗೆ ಬರೀ ಒಳ್ಳೆಯ ಮಳೆಯ ವರ್ಷ. ಸಮೀಕರಣದಿಂದ ಬಂದ ಅಂಕಿಗಳು ಸರಾಸರಿಯ ಕಡೆ ವಾಲುವುದರಿಂದ, ತೀರ ಕೆಟ್ಟ ವರ್ಷ ನಿಜವಾಗಿ ಇದ್ದದ್ದಕ್ಕಿಂತ ಸ್ವಲ್ಪ ಸೌಮ್ಯವಾಗಿ ಕಾಣುತ್ತದೆ. ಹಿಂದೆ ಹಿಂದೆ ಹೋದಂತೆ ಅಷ್ಟು ಹಳೆಯ ಮರಗಳ ಸಂಖ್ಯೆ ಕುಗ್ಗಿ ಅನಿಶ್ಚಿತತೆ ಬೆಳೆಯುತ್ತದೆ. ಇಂತಿಷ್ಟೇ ಟಿಎಂಸಿ ಎಂದು ಒಂದು ವರ್ಷಕ್ಕೆ ಹೇಳುವ ಸಾಮರ್ಥ್ಯಕ್ಕಿಂತ, ಕೊರತೆಯ ವರ್ಷಗಳು ಹೇಗೆ ಗುಂಪುಗೂಡುತ್ತಿದ್ದವು ಎಂದು ಹೇಳುವ ಸಾಮರ್ಥ್ಯ ಈ ದಾಖಲೆಗೆ ಹೆಚ್ಚು, ನಮಗೆ ಬೇಕಾಗಿರುವುದೂ ಅದೇ.

ಈ ಕೆಲಸಕ್ಕೆ ಬೇಕಾದ ಕಚ್ಚಾವಸ್ತು ದಿನವೂ ನಮ್ಮ ಕಣ್ಣೆದುರಿಗೇ ಹಾದುಹೋಗುತ್ತದೆ. ಅರಣ್ಯ ಇಲಾಖೆಯ ಡಿಪೋಗಳಿಗೆ ಬರುವ ಪ್ರತಿ ತೇಗದ ದಿಮ್ಮಿಗೂ ಸುತ್ತಿಗೆ ಮುದ್ರೆ ಬಿದ್ದು, ಅದು ಯಾವ ಕಾಡಿನದೆಂಬುದು ಪುಸ್ತಕದಲ್ಲಿ ದಾಖಲಾಗಿರುತ್ತದೆ. ದಿಮ್ಮಿ ಹರಾಜಾಗಿ ಸಾಮಿಲ್ಲಿಗೆ ಬಂದು ತುದಿ ಕತ್ತರಿಸಿದೊಡನೆ ಆ ಮುದ್ರೆ ಹೋಗುತ್ತದೆ. ಹೊರಗಿನ ಬಿಳಿ ಮರವನ್ನು ಹೆರೆದು ಚೇಗನ್ನಷ್ಟೇ ಉಳಿಸಿಕೊಂಡಾಗ, ಕಡಿದ ವರ್ಷದ ಉಂಗುರವೂ ಅದರೊಂದಿಗೆ ಸೌದೆಗೆ ಹೋಗುತ್ತದೆ. ನಾನು ಎಣಿಸಿದ ದಿಮ್ಮಿ ಯಾವ ಕಾಡಿನದು, ಯಾವ ವರ್ಷ ಕಡಿದದ್ದು ಎಂದು ಕೇಳಿದಾಗ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ತೊಗಟೆ ಉಳಿದಿರುವ ಒಂದು ಬಿಲ್ಲೆ, ಅದರ ಹಿಂದೆ ಸೀಮೆಸುಣ್ಣದಲ್ಲಿ ಕಾಡಿನ ಹೆಸರು ಮತ್ತು ಕಡಿದ ಇಸವಿ, ಇಷ್ಟನ್ನು ಡಿಪೋದಲ್ಲಿಯೇ ಎತ್ತಿಟ್ಟಿದ್ದರೆ ಆ ಅರವತ್ತು ವರ್ಷಗಳ ಮಳೆಯನ್ನು ಇಸವಿಗೆ ಇಸವಿ ಓದಬಹುದಾಗಿತ್ತು.